ಕೇಳದ ಕಿವಿ, ಕಾಣುವ ಮಾತು

ಆಷಾಢದಲ್ಲಿ ಮೂಡಿಗೆರೆ ಕಡೆಯ ಶಾಲೆಗಳಲ್ಲಿ ಪಾಠ ನಡೆಸುವುದೆಂದರೆ ಮಳೆಯೊಡನೆ ಜಗಳವಾಡಿದಂತೆ. ತಗಡಿನ ಮಾಡಿನ ಮೇಲೆ ಮಳೆ ಬಡಿಯತೊಡಗಿದರೆ ಮೇಷ್ಟರ ದನಿ ಹಿಂದಿನ ಬೆಂಚಿಗೆ ತಲುಪುವುದೇ ಇಲ್ಲ. ಆಗ ಮಕ್ಕಳು ತಮಗರಿವಿಲ್ಲದೆಯೇ ಮೇಷ್ಟರ ತುಟಿಗಳನ್ನು ನೋಡತೊಡಗುತ್ತಾರೆ. ಮಳೆ ನಿಂತ ಮೇಲೆ ಆ ಕಷ್ಟ ಮುಗಿಯುತ್ತದೆ. ಬದುಕಿನುದ್ದಕ್ಕೂ ಹೀಗೆ ತುಟಿ ನೋಡಿಯೇ ಮಾತು ಹಿಡಿದು, ಇಡೀ ನಾಡನ್ನು ನಗಿಸಿದವರು ಹಾಸ್ಯನಟ ಟಿ. ಎನ್. ಬಾಲಕೃಷ್ಣ.

ಪಕ್ಕದ ಹಾಸನ ಜಿಲ್ಲೆಯ ಅರಸೀಕೆರೆಯವರಾದ ಬಾಲಕೃಷ್ಣ ರಂಗಭೂಮಿಯಲ್ಲಿ ಪಳಗಿ, 1943ರ ‘ರಾಧಾರಮಣ’ದಿಂದ ಚಿತ್ರರಂಗಕ್ಕೆ ಬಂದರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. 1960ರಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಅವರೊಡನೆ ಸೇರಿ ‘ರಣಧೀರ ಕಂಠೀರವ’ ನಿರ್ಮಿಸಿದರು. ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪನನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ತುಟಿ ನೋಡಿ ಮಾತು ತಿಳಿಯುವುದು ಎಷ್ಟು ಕಷ್ಟ? ಕನ್ನಡಿಯ ಮುಂದೆ ನಿಂತು ದನಿಯಿಲ್ಲದೆ ‘ಪಾವು’, ‘ಬಾವು’, ‘ಮಾವು’ ಎಂದು ನೋಡಿ. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ ಮುಂತಾದವು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ಮಿಕ್ಕದ್ದನ್ನು ಸಂದರ್ಭದಿಂದ, ಮುಖಭಾವದಿಂದ ಊಹಿಸಿಕೊಳ್ಳಬೇಕು. ಹಾಸ್ಯದಲ್ಲಂತೂ ಎದುರಿನವರ ಮಾತು ಮುಗಿದ ಕ್ಷಣಕ್ಕೇ ಉತ್ತರ ಬರಬೇಕು. ತಡವಾದರೆ ನಗೆ ಸತ್ತುಹೋಗುತ್ತದೆ. ಆ ಕ್ಷಣವನ್ನು ಬಾಲಕೃಷ್ಣ ಕಣ್ಣಿನಿಂದಲೇ ಹಿಡಿಯುತ್ತಿದ್ದರು.

ಬೆಂಗಳೂರಿನಲ್ಲಿ ‘ಅಭಿಮಾನ್ ಸ್ಟುಡಿಯೋ’ ಕಟ್ಟಿದವರೂ ಅವರೇ. 1995ರ ಜುಲೈ 19ರಂದು ತೀರಿಕೊಂಡರು.

ನಮ್ಮ ಊರ ನಾಟಕಗಳಲ್ಲಿ ಕಿವುಡನ ಪಾತ್ರ ಬಂದರೆ ಜನ ಅವನನ್ನು ನೋಡಿ ನಗುತ್ತಾರೆ. ತರಗತಿಯಲ್ಲೂ ಅಷ್ಟೇ. ಕರೆದರೆ ತಿರುಗದ, ಉಕ್ತಲೇಖನದಲ್ಲಿ ತಪ್ಪು ಮಾಡುವ ಹುಡುಗನಿಗೆ ‘ದಡ್ಡ’ ಎಂಬ ಹೆಸರು ಬೇಗ ಅಂಟುತ್ತದೆ. ಅವನಿಗೆ ಪಾಠ ಕೇಳಿಸಿತ್ತೇ ಎಂದು ವಿಚಾರಿಸುವವರು ಕಡಿಮೆ.

ತಂದೆ ತಾಯಂದಿರು ಗಮನಿಸಬೇಕಾದದ್ದು ಇದು: ಮಗು ಪದೇ ಪದೇ ‘ಆಂ?’ ಎನ್ನುತ್ತಿದ್ದರೆ, ರೇಡಿಯೋ, ಟಿ.ವಿ.ಯ ದನಿ ಹೆಚ್ಚಿಸುತ್ತಿದ್ದರೆ, ಕಿವಿ ಸೋರುತ್ತಿದ್ದರೆ ಎಣ್ಣೆ ಬಿಟ್ಟು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 1960ರ ದಶಕದಿಂದಲೂ ಇಂಥ ತಪಾಸಣೆ ನಡೆಯುತ್ತಿದೆ. ಶಾಲೆಯಲ್ಲಿ ಅಂಥ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಮೇಷ್ಟರು ಕಪ್ಪು ಹಲಗೆಗಲ್ಲ, ಮಗುವಿಗೆ ಮುಖ ಮಾಡಿ ಮಾತಾಡಿದರೂ ಅರ್ಧ ಕಷ್ಟ ಕಳೆಯುತ್ತದೆ.

ವಿದ್ಯಾರ್ಥಿಗಳೇ, ಪಕ್ಕದ ಗೆಳೆಯ ಎರಡನೆಯ ಸಲ ಕೇಳಿದರೆ ನಗಬೇಡಿ. ಅವನತ್ತ ತಿರುಗಿ, ಇನ್ನೊಮ್ಮೆ ನಿಧಾನವಾಗಿ ಹೇಳಿ.