ಗೇಟಿನ ಮೇಲೆ ಸೀಮೆಸುಣ್ಣದ ಗುರುತು: ಅದು ಕಳ್ಳರ ಸಂಕೇತವೇ?

“ನಿಮ್ಮ ಗೇಟಿನ ಮೇಲೆ ಎಕ್ಸ್ ಗುರುತು ಇದೆಯಾ ನೋಡಿ. ಇದ್ದರೆ ರಾತ್ರಿ ಕಳ್ಳರು ಬರುತ್ತಾರೆ. ಎಲ್ಲರಿಗೂ ಕಳಿಸಿ.” ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಜೊತೆಗೊಂದು ಚಿತ್ರಪಟ್ಟಿ: ಈ ಗುರುತು ಇದ್ದರೆ ಮನೆಯಲ್ಲಿ ಹಣವಿದೆ, ಆ ಗುರುತು ಇದ್ದರೆ ನಾಯಿ ಇದೆ, ಇನ್ನೊಂದಿದ್ದರೆ ಮಹಿಳೆ ಒಬ್ಬರೇ ಇದ್ದಾರೆ. ಇದು ನಿಜವೇ? ನೋಡೋಣ.

ಗುರುತು ಹಾಕುವವರು ಯಾರು?

ಪಲ್ಸ್ ಪೋಲಿಯೊ ಸಮಯದಲ್ಲಿ ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತರು ಗೋಡೆ ಅಥವಾ ಬಾಗಿಲ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ. ‘ಪಿ’ ಎಂದಿದ್ದರೆ ಆ ಮನೆಯ ಕೆಲಸ ಮುಗಿದಿದೆ. ‘ಎಕ್ಸ್’ ಎಂದಿದ್ದರೆ ಮತ್ತೊಮ್ಮೆ ಬರಬೇಕು. ಜನಗಣತಿಗೆ ಬಂದವರು ಮನೆಗೆ ಸಂಖ್ಯೆ ಬರೆಯುತ್ತಾರೆ. 2025ರಲ್ಲಿ ಕರ್ನಾಟಕದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮುನ್ನ ಮೀಟರ್ ರೀಡರ್‌ಗಳು ಮನೆಗಳಿಗೆ ಸಂಖ್ಯೆಯ ಸ್ಟಿಕರ್ ಅಂಟಿಸಿದ್ದು ನೆನಪಿರಬಹುದು. ಓಣಿಯ ಮಕ್ಕಳ ಆಟದ ಗೆರೆಗಳಂತೂ ಇದ್ದೇ ಇವೆ.

ಇಂಥದ್ದೇ ಚಿತ್ರಪಟ್ಟಿ ಬ್ರಿಟನ್‌ನಲ್ಲೂ ವರ್ಷಗಳಿಂದ ಸುತ್ತುತ್ತಿದೆ. ಸ್ವಲ್ಪ ಯೋಚಿಸಿ: ಎಲ್ಲರ ಮೊಬೈಲ್‌ನಲ್ಲೂ ಇರುವ ಸಂಕೇತ ಗುಟ್ಟಾಗಿ ಉಳಿಯುವುದು ಹೇಗೆ? ಕಳ್ಳನ ಕೈಯಲ್ಲೂ ಮೊಬೈಲ್ ಇದೆ. ಅವನೇಕೆ ನಿಮ್ಮ ಗೇಟಿನ ಮೇಲೆ ಬರೆದು ಹೋಗಬೇಕು?

ಕಳಿಸಿದರೆ ನಷ್ಟವೇನು?

ನಷ್ಟ ದೊಡ್ಡದು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಸಮಯ, ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ರಾತ್ರಿ ಕಳ್ಳರು ಓಡಾಡುತ್ತಿದ್ದಾರೆ ಎಂಬ ವದಂತಿ ಹಬ್ಬಿತ್ತು. ಅಂತ್ಯಸಂಸ್ಕಾರಕ್ಕೆಂದು ಕಾರಿನಲ್ಲಿ ಹೊರಟಿದ್ದ ಇಬ್ಬರು ಸಾಧುಗಳನ್ನೂ ಅವರ ಚಾಲಕನನ್ನೂ ಗುಂಪು ಹೊಡೆದು ಕೊಂದಿತು. ಅದಕ್ಕೂ ಮೊದಲು, 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ ಮಕ್ಕಳ ಕಳ್ಳನೆಂಬ ಅನುಮಾನಕ್ಕೆ ಬಲಿಯಾದ. ಇವರಲ್ಲಿ ಯಾರೂ ಕಳ್ಳರಾಗಿರಲಿಲ್ಲ. ಗುರುತಿನ ಸಂದೇಶವೂ ಅದೇ ದಾರಿ ಹಿಡಿಯಬಹುದು: ನಾಳೆ ಸೀಮೆಸುಣ್ಣ ಹಿಡಿದು ನಿಮ್ಮ ಬೀದಿಗೆ ಬರುವವರು ಆಶಾ ಕಾರ್ಯಕರ್ತೆಯೇ ಆಗಿರಬಹುದು.

ಹಾಗಾದರೆ ಕಳ್ಳರು ನೋಡುವುದೇನು?

ಮನೆ ಖಾಲಿ ಇದೆ ಎಂದು ತಿಳಿಸುವ ಗುರುತುಗಳನ್ನು ಎಷ್ಟೋ ಸಲ ನಾವೇ ಬಿಟ್ಟು ಹೋಗಿರುತ್ತೇವೆ. ಹೊರಗೆ ನೇತಾಡುವ ದೊಡ್ಡ ಬೀಗ, ಬಾಗಿಲಲ್ಲಿ ರಾಶಿ ಬಿದ್ದ ಪೇಪರ್, ಮೂರು ದಿನದಿಂದ ರಂಗೋಲಿ ಕಾಣದ ಅಂಗಳ, ಹಗಲಲ್ಲೂ ಉರಿಯುವ ಲೈಟು, “ಕುಟುಂಬ ಸಮೇತ ಧರ್ಮಸ್ಥಳದಲ್ಲಿ” ಎಂಬ ವಾಟ್ಸ್‌ಆ್ಯಪ್ ಸ್ಟೇಟಸ್.

ಊರಿಗೆ ಹೊರಡುವ ಮುನ್ನ ಹೀಗೆ ಮಾಡಿ:

• ಹಾಲು, ಪೇಪರ್ ನಿಲ್ಲಿಸಿ. ಅಂಗಳ ಗುಡಿಸಿ, ಸಂಜೆ ಲೈಟು ಹಾಕಲು ಪಕ್ಕದ ಮನೆಯವರಿಗೆ ಹೇಳಿ.
• ಕೀಲಿಯನ್ನು ಹೂವಿನ ಕುಂಡ, ಮೀಟರ್ ಬಾಕ್ಸ್, ಚಪ್ಪಲಿ ಸ್ಟ್ಯಾಂಡಿನಲ್ಲಿ ಇಡಬೇಡಿ. ಎಲ್ಲರೂ ಮೊದಲು ಹುಡುಕುವ ಜಾಗಗಳೇ ಅವು.
• ಬೀಗ ಎಷ್ಟೇ ಗಟ್ಟಿಯಾಗಿರಲಿ, ಚಿಲಕದ ಸ್ಕ್ರೂ ಸಡಿಲವಿದ್ದರೆ ಪ್ರಯೋಜನವಿಲ್ಲ. ಹೊರಗೆ ಕಾಣದಂಥ ಡೋರ್ ಲಾಕ್ ಇನ್ನೂ ಒಳ್ಳೆಯದು. ಹಿತ್ತಲ ಬಾಗಿಲನ್ನೂ ನೋಡಿ.
• ಒಡವೆ ಬ್ಯಾಂಕ್ ಲಾಕರ್‌ನಲ್ಲಿರಲಿ. ಒಡವೆಗಳ ಫೋಟೊ, ಬಿಲ್ ಬೇರೆ ಕಡೆ ಇಟ್ಟುಕೊಳ್ಳಿ.
• ಸಿಸಿಟಿವಿ ಇದ್ದರೆ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ. ರೆಕಾರ್ಡ್ ಆಗುವ ಡಬ್ಬಿ ಕಣ್ಣಿಗೆ ಬೀಳುವಂತೆ ಇಡಬೇಡಿ.
• ನಿಮ್ಮ ಠಾಣೆಗೆ ತಿಳಿಸಿದರೆ ಬೀಟ್ ಪೊಲೀಸರು ಆ ಕಡೆ ಗಮನ ಇಡಬಹುದು.
• ಪ್ರವಾಸದ ಫೋಟೊಗಳನ್ನು ಮನೆಗೆ ಬಂದ ಮೇಲೆ ಹಾಕಿ.

ವಾಪಸ್ ಬಂದಾಗ ಬೀಗ ಮುರಿದಿದ್ದರೆ ಒಳಗೆ ಹೋಗಬೇಡಿ. ಕಳ್ಳ ಒಳಗೇ ಇರಬಹುದು. ಏನನ್ನೂ ಮುಟ್ಟಬೇಡಿ, ಬೆರಳಚ್ಚು ಅಳಿಸಿಹೋಗುತ್ತದೆ. ಹೊರಗೇ ನಿಂತು 112ಕ್ಕೆ ಕರೆ ಮಾಡಿ.

ಗೇಟಿನ ಮೇಲೆ ಗುರುತು ಕಂಡು ಅನುಮಾನ ಬಂದರೆ? ಫೋಟೊ ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ. ಯಾರು ಹಾಕಿದ್ದೆಂದು ಅಕ್ಕಪಕ್ಕದಲ್ಲಿ ಕೇಳಿ, ಆಗಲೂ ತಿಳಿಯದಿದ್ದರೆ ಠಾಣೆಗೆ ಹೇಳಿ. ಗ್ರೂಪ್‌ಗೆ ಕಳಿಸಲೇಬೇಕು ಎನಿಸಿದರೆ ಮೇಲಿನ ಏಳು ಸಾಲು ಕಳಿಸಿ.