ಸೊನ್ನೆ, ಋಣಸಂಖ್ಯೆ ಮತ್ತು ಐಆರ್‌ಕ್ಯೂ

ಟಚ್‌ಸ್ಕ್ರೀನಿಗೆ ಬೆರಳು ತಾಗಿದ್ದು ಪ್ರೊಸೆಸರಿಗೆ ಗೊತ್ತಾಗುವುದು ಸಾಮಾನ್ಯವಾಗಿ ಇಂಟರಪ್ಟ್ ಮೂಲಕ. ಸಂಕೇತ ಬಂದೊಡನೆ ಪ್ರೊಸೆಸರ್ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಆ ಸಾಧನದ ಡ್ರೈವರ್ ನೋಂದಾಯಿಸಿದ ಹ್ಯಾಂಡ್ಲರನ್ನು ನಡೆಸುತ್ತದೆ. ಯಾವ ಸಂಕೇತ ಯಾರದ್ದೆಂದು ತಿಳಿಯಲು ಲಿನಕ್ಸ್ ಕರ್ನಲ್ ಕೊಡುವ ಸಂಖ್ಯೆಯೇ ಐಆರ್‌ಕ್ಯೂ.

ಡ್ರೈವರ್ ಸಾಧನವನ್ನು ಸಿದ್ಧಗೊಳಿಸುವ ತನ್ನ ಪ್ರೋಬ್ ಹಂತದಲ್ಲಿ ಈ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಅದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಫಂಕ್ಷನ್ ಪ್ಲಾಟ್‌ಫಾರ್ಮ್_ಗೆಟ್_ಐಆರ್‌ಕ್ಯೂ. ಧನಸಂಖ್ಯೆ ಬಂದರೆ ಅದೇ ಐಆರ್‌ಕ್ಯೂ; ಋಣಸಂಖ್ಯೆ ಬಂದರೆ ದೋಷದ ಗುರುತು. ಆ ಗುರುತುಗಳಿಗೆ ಬೇರೆಬೇರೆ ಅರ್ಥವಿದೆ. -6 ಎಂದರೆ ಈ ಸಾಧನಕ್ಕೆ ಇಂಟರಪ್ಟ್ ನಮೂದಾಗಿಯೇ ಇಲ್ಲ. -517 ಎಂದರೆ ಇಂಟರಪ್ಟ್ ಇದೆ, ಆದರೆ ಅದನ್ನು ನೋಡಿಕೊಳ್ಳುವ ಕಂಟ್ರೋಲರ್ ಇನ್ನೂ ಸಿದ್ಧವಾಗಿಲ್ಲ, ಆಮೇಲೆ ಬಾ. ಪ್ರೋಬ್ ಈ -517ನ್ನು ಹಾಗೆಯೇ ಹಿಂದಿರುಗಿಸಿದರೆ ಕರ್ನಲ್ ಆ ಸಾಧನವನ್ನು ಕಾಯುವವರ ಪಟ್ಟಿಗೆ ಸೇರಿಸಿ, ಬೇರೆ ಡ್ರೈವರ್‌ಗಳು ಎದ್ದ ಮೇಲೆ ಮತ್ತೆ ಕರೆಯುತ್ತದೆ. 2012ರಲ್ಲಿ ಬಂದ ಈ ಏರ್ಪಾಡು ಕರ್ನಲ್‌ನ ಒಳಗಿನದು. ಬಳಕೆದಾರರ ಪ್ರೋಗ್ರಾಮಿಗೆ ಆ ಸಂಖ್ಯೆ ಕಾಣುವಂತಿಲ್ಲ.

ಕೆಡುವುದು ಇಲ್ಲಿಯೇ. ಸಂಖ್ಯೆಯನ್ನಿಡುವ ಚರವನ್ನು ಬರೆಯುವವರು ಅನ್‌ಸೈನ್ಡ್ ಇಂಟ್ ಎಂದು ಘೋಷಿಸಿರುತ್ತಾರೆ. ಐಆರ್‌ಕ್ಯೂ ಋಣವಾಗಿರಲು ಸಾಧ್ಯವೇ ಇಲ್ಲವಲ್ಲ ಎಂಬ ಎಣಿಕೆ. ಕೆಳಗೆ ಸೊನ್ನೆಗಿಂತ ಕಡಿಮೆಯೇ ಎಂಬ ಪರೀಕ್ಷೆಯೂ ಇರುತ್ತದೆ, ಓದುವವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಅನ್‌ಸೈನ್ಡ್ ಚರ ಎಂದೂ ಸೊನ್ನೆಗಿಂತ ಕಡಿಮೆಯಾಗದು. -517 ಅದರೊಳಗೆ ಹೋಗಿ 4294966779 ಆಗುತ್ತದೆ. ಹ್ಯಾಂಡ್ಲರನ್ನು ನೋಂದಾಯಿಸುವ ರಿಕ್ವೆಸ್ಟ್_ಐಆರ್‌ಕ್ಯೂ ಅಂಥ ಸಂಖ್ಯೆ ಎಲ್ಲೂ ಸಿಗದೆ -22, ಅಂದರೆ ಅಮಾನ್ಯ ಆರ್ಗ್ಯುಮೆಂಟ್, ಎಂದು ಉತ್ತರಿಸುತ್ತದೆ. ಕಾದಿದ್ದರೆ ಕೆಲಸ ಮಾಡಬಹುದಾಗಿದ್ದ ಸಾಧನ ಸತ್ತಂತೆ ಬಿದ್ದಿರುತ್ತದೆ. ಡ್ರೈವರ್‌ಗಳು ಏಳುವ ಕ್ರಮ ಬದಲಾದರೆ ಅದೇ ಬೋರ್ಡ್ ಮರುದಿನ ಸರಿಯಾಗಿ ನಡೆಯಲೂಬಹುದು, ಹಾಗಾಗಿ ಹುಡುಕುವವರ ಪಾಡು ಹೇಳತೀರದು. ಕಂಪೈಲರ್ ಇದರ ಬಗ್ಗೆ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಸ್ಮ್ಯಾಚ್, ಕಾಕ್ಸಿನೆಲ್‌ನಂಥ ಪರಿಶೀಲನಾ ಉಪಕರಣಗಳು ಹಿಡಿದುಕೊಡುತ್ತವೆ.

ಚರ ಸರಿಯಿದ್ದೂ ಇದೇ ಗತಿ ಬರಬಹುದು. ಯಾವ ದೋಷ ಬಂದರೂ ಅದನ್ನು ಅಳಿಸಿ -19, ಅಂದರೆ ಸಾಧನವೇ ಇಲ್ಲ, ಎಂದು ಹಿಂದಿರುಗಿಸುವ ಡ್ರೈವರ್‌ಗಳಿವೆ. ನನಗೆ ಇದು ಮೊದಲಿನದಕ್ಕಿಂತ ಕೆಟ್ಟದ್ದೆನಿಸುತ್ತದೆ. ಕೆಳಗಿನಿಂದ ಬಂದ ಕಾರಣವನ್ನು ತಿಳಿದೂ ತಿಳಿದೂ ನುಂಗಿಬಿಟ್ಟಂತೆ.

ಇನ್ನು ಸೊನ್ನೆ. 1981ರ ಐಬಿಎಂ ಪಿಸಿಯಲ್ಲಿ ಸೊನ್ನೆಯ ಇಂಟರಪ್ಟ್ ಸಾಲು ಟೈಮರ್‌ನದ್ದು, ಒಂದನೆಯದು ಕೀಬೋರ್ಡಿನದ್ದು. ಸೊನ್ನೆ ಅಲ್ಲಿ ನಿಜವಾದ ಇಂಟರಪ್ಟ್. ಆದ್ದರಿಂದ ಇಂಟರಪ್ಟ್ ಇಲ್ಲ ಎನ್ನಲು ಕೆಲವು ಆರ್ಕಿಟೆಕ್ಚರುಗಳು -1 ಬಳಸಿದವು; ಹಾಗಿದ್ದರೂ ಕೆಲವು ಸೊನ್ನೆಯನ್ನೇ ಬಳಸಿದವು. ಸೊನ್ನೆ ಎಂದರೆ ಇಲ್ಲ ಎಂದೇ ಎಲ್ಲೆಡೆ ಅರ್ಥವಾಗಬೇಕೆಂದು ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೋರ್ವಾಲ್ಡ್ಸ್ ಪಟ್ಟುಹಿಡಿದರು. ಹಾರ್ಡ್‌ವೇರಿನಲ್ಲಿ ಸೊನ್ನೆಯ ಸಾಲು ಇರುವ ಚಿಪ್‌ಗಳಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಡ್ರೈವರ್‌ಗೆ ಸಿಗುವುದು ಕರ್ನಲ್ ಹೊಂದಿಸಿಕೊಟ್ಟ ಬೇರೆ ಸಂಖ್ಯೆ. 2022ರಲ್ಲಿ ಪ್ಲಾಟ್‌ಫಾರ್ಮ್_ಗೆಟ್_ಐಆರ್‌ಕ್ಯೂ ಸೊನ್ನೆ ಕೊಡುವುದನ್ನೇ ನಿಲ್ಲಿಸಿತು. ಒಳಗೆ ಸೊನ್ನೆ ಬಂದರೆ ಎಚ್ಚರಿಕೆ ಬರೆದು -22 ಕೊಡುತ್ತದೆ.

ಅದಕ್ಕೂ ಮೊದಲಿನ ಕೋಡಿನಲ್ಲಿ ಒಂದು ಸೂಕ್ಷ್ಮ ತಪ್ಪು ಪದೇಪದೇ ಸಿಗುತ್ತದೆ. ಸಂಖ್ಯೆ ಸೊನ್ನೆಯೋ ಕಡಿಮೆಯೋ ಆದರೆ ಅದನ್ನೇ ಹಿಂದಿರುಗಿಸು ಎಂದು ಬರೆದಿರುತ್ತಾರೆ. ಪ್ರೋಬ್ ಸೊನ್ನೆ ಹಿಂದಿರುಗಿಸಿದರೆ ಕರ್ನಲ್‌ಗೆ ಅದು ಯಶಸ್ಸು! ಅರ್ಧಕ್ಕೇ ಬಿಟ್ಟ ಸಾಧನ ಸಿದ್ಧವಾಗಿದೆಯೆಂದು ದಾಖಲಾಗುತ್ತದೆ. ಐಆರ್‌ಕ್ಯೂ ಪಡೆಯುವ ಇನ್ನೊಂದು ಫಂಕ್ಷನ್ ಆದ ಐಆರ್‌ಕ್ಯೂ_ಆಫ್_ಪಾರ್ಸ್_ಆ್ಯಂಡ್_ಮ್ಯಾಪ್ ಬಳಸುವಾಗಲಂತೂ ಇನ್ನಷ್ಟು ಎಚ್ಚರ ಬೇಕು. ಅದು ಸೋತಾಗ ಕೊಡುವುದು ಋಣಸಂಖ್ಯೆಯಲ್ಲ, ಸೊನ್ನೆ. ಅಲ್ಲಿ ಸೊನ್ನೆಯನ್ನೇ ಪರೀಕ್ಷಿಸಿ, -22ರಂಥ ದೋಷವನ್ನು ಡ್ರೈವರ್ ತಾನೇ ಹೇಳಬೇಕು.

ಇಂಟರಪ್ಟ್ ಇಲ್ಲದಿದ್ದರೂ ಡ್ರೈವರ್ ಆಗಾಗ ತಾನೇ ನೋಡಿಕೊಂಡು, ಅಂದರೆ ಪೋಲಿಂಗ್ ಮಾಡಿ, ನಡೆಸಬಲ್ಲ ಸಾಧನಗಳಿಗಾಗಿ ಪ್ಲಾಟ್‌ಫಾರ್ಮ್_ಗೆಟ್_ಐಆರ್‌ಕ್ಯೂಗೆ ದೋಷ ಸಂದೇಶ ಮುದ್ರಿಸದ ಆಪ್ಷನಲ್ ರೂಪವಿದೆ. ಅಲ್ಲಿಯೂ -6 ಬಂದಾಗ ಮಾತ್ರ ಪೋಲಿಂಗ್‌ಗೆ ಹೊರಳಬೇಕು. -517 ಬಂದರೆ ಹಿಂದಿರುಗಿಸಿ ಕಾಯಬೇಕು. ಇಲ್ಲವಾದರೆ ಇಂಟರಪ್ಟ್ ಇದ್ದೂ ಸಾಧನ ಕೊನೆಯವರೆಗೆ ಪೋಲಿಂಗ್‌ನಲ್ಲೇ ಉಳಿಯುತ್ತದೆ, ಲಾಗ್‌ನಲ್ಲಿ ಅದರ ಸುಳಿವೂ ಇರುವುದಿಲ್ಲ.