ದರಕಿನ ದಾರಿಯಲ್ಲಿ

ಚಳಿಗಾಲ ಕಳೆಯುವ ಹೊತ್ತಿಗೆ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಪ್ರಯಾಣ ಮಾಡಿದವರು, ಕಾಡಂಚಿನಲ್ಲಿ ದರಕು ಗುಡಿಸುವ ಹೆಂಗಸರನ್ನು ಕಂಡಿರಬಹುದು. ಆ ಒಣಗಿದೆಲೆ ಕೊಟ್ಟಿಗೆಗೆ ಹಾಸು, ಅಡಕೆ ತೋಟಕ್ಕೆ ಗೊಬ್ಬರ. ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಗಳಿಗೂ ಅದೇ ಮನೆ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗ ಈ ಮೂರು ತಾಲ್ಲೂಕುಗಳನ್ನು ಇಂದಿಗೂ ಬಿಟ್ಟಿಲ್ಲ.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಉಲ್ಬಣಿಸಿ ಸಾವುಗಳು ಸಂಭವಿಸಿದಾಗ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾನಾಗಿಯೇ ಮುಂದೆ ಬಂದು ಅಲ್ಲಿಗೆ ಸೇವೆಗೆ ಹೋದಳು. ಆಕೆ ದಾದಿ. ಮಳೆ ಹಿಡಿದ ಮೇಲೆ ನಮ್ಮ ಮನೆಗೆ ಬಂದಾಗ, ಭಯವಾಗಲಿಲ್ಲವೇ ಎಂದು ಕೇಳಿದೆ.

"ಅಲ್ಲಿ ಪುರುಸೊತ್ತೇ ಇರಲಿಲ್ಲ ಸರ್. ಊರಿಗೆ ಬಂದ ಮೇಲೆ ಬಾಡಿಗೆ ಮನೆಯವರು ನನಗೆ ಲೋಟ ಕೊಡಲು ಹಿಂಜರಿದರು. ಆಗ ಬೇಸರವಾಯಿತು" ಎಂದಳು. ಮನುಷ್ಯರಿಂದ ಮನುಷ್ಯರಿಗೆ ಅಂಟುವ ಕಾಯಿಲೆಯೇ ಅಲ್ಲ ಅದು!

ಈ ಜ್ವರಕ್ಕೆಂದೇ ಔಷಧವಿಲ್ಲ. ದೇಹದ ನೀರು ಆರದಂತೆ ನೋಡಿಕೊಳ್ಳಬೇಕು. ಮೂಗು ವಸಡುಗಳಲ್ಲಿ ರಕ್ತ ಕಂಡೀತೇ ಎಂದು ಕಾಯಬೇಕು. ಜ್ವರ ಬಿಟ್ಟವರಲ್ಲಿ ಕೆಲವರಿಗೆ ಅದು ಒಂದೆರಡು ವಾರಗಳಲ್ಲಿ ಮರುಕಳಿಸುವುದರಿಂದ, ಎದ್ದು ಓಡಾಡುವವರನ್ನೂ ಮರೆಯುವಂತಿಲ್ಲ. ಶುಶ್ರೂಷೆಯೇ ಅಲ್ಲಿ ಚಿಕಿತ್ಸೆ.

ಲಸಿಕೆಯಿತ್ತು, ತಿಂಗಳ ಅಂತರದಲ್ಲಿ ಎರಡು ಸಲ ಚುಚ್ಚಬೇಕು. ನೋವು ಹೆಚ್ಚು, ಮೊದಲನೆಯದಕ್ಕೆ ತೋಳೊಡ್ಡಿದವರು ಎರಡನೆಯದಕ್ಕೆ ಬಾಗಿಲು ಹಾಕಿಕೊಳ್ಳುತ್ತಿದ್ದರು. (ಸಾಮರ್ಥ್ಯ ಸಾಲದೆಂದು 2022ರಲ್ಲಿ ಆ ಲಸಿಕೆಯೇ ನಿಂತಿತು.) ಹಾಗೆ ಬಾಗಿಲು ಹಾಕಿಕೊಂಡ ಒಂದು ಮನೆಯಲ್ಲಿ ಆಮೇಲೆ ಸಾವಾಯಿತು. "ಇನ್ನೊಂದು ಸಲ ಬಾಗಿಲು ಬಡಿಯಬೇಕಿತ್ತು ಸರ್" ಎಂದು ಆಕೆ ತಲೆತಗ್ಗಿಸಿದಳು. ನನಗೆ ಮಾತು ಹೊರಡಲಿಲ್ಲ.

ಕಾಡಿಗೆ ಹೋಗಬೇಡಿ ಎಂದು ಆಕೆ ಮನೆಮನೆಯಲ್ಲೂ ಹೇಳಿದ್ದಳು. ಒಬ್ಬ ಮುದುಕಿ ಕೇಳಿದಳಂತೆ: "ಹಂಗಾರೆ ಕೊಟ್ಟಿಗೆಗೆ ದರಕು ಯಾರು ತರ್ತಾರೆ ತಂಗೀ?" ಅದಕ್ಕೆ ಆಕೆಯಲ್ಲಿ ಉತ್ತರವಿರಲಿಲ್ಲ. ಮರುದಿನದಿಂದ ಬೆಳಕು ಹರಿಯುವ ಮುನ್ನವೇ ಹೋಗಿ, ಮುದುಕಿಯ ಕೈಕಾಲುಗಳಿಗೆ ಉಣ್ಣೆ ಹತ್ತದಂತೆ ಡಿ.ಎಂ.ಪಿ. ಎಣ್ಣೆ ಹಚ್ಚತೊಡಗಿದಳು. ಹಿಂದಿರುಗಿದ ಮೇಲೆ ಬಿಸಿನೀರು ಕಾಯಿಸಿಕೊಟ್ಟು, ಸೀರೆಯ ನೆರಿಗೆಗಳನ್ನು ಹುಡುಕುತ್ತಿದ್ದಳು.

1854ರಲ್ಲಿ 38 ದಾದಿಯರೊಡನೆ ಸ್ಕುಟಾರಿಗೆ ಹೊರಟ ಫ್ಲಾರೆನ್ಸ್ ನೈಟಿಂಗೇಲಳ ದೀಪದ ಕಥೆಯನ್ನು ನಾನೇ ಇವಳಿಗೆ ಒಮ್ಮೆ ತರಗತಿಯಲ್ಲಿ ವರ್ಣಿಸಿದ್ದೆ. ಆ ಎಣ್ಣೆಯ ಸೀಸೆಯ ವಿಚಾರ ಕೇಳಿದ ಮೇಲೆ, ನನ್ನ ವರ್ಣನೆ ಎಷ್ಟು ಬರಿದಾಗಿತ್ತೆಂದು ತಿಳಿಯಿತು.

ಮುದುಕಿ ಇನ್ನೂ ದರಕಿಗೆ ಹೋಗುತ್ತಾಳೆ. ಪ್ರತಿ ಡಿಸೆಂಬರಿನಲ್ಲಿ ನನ್ನ ಶಿಷ್ಯೆ ಆ ಮನೆಗೆ ದೂರವಾಣಿ ಮಾಡಿ ಕೇಳುವುದು ಒಂದೇ ಮಾತು: "ಎಣ್ಣೆ ಹಚ್ಚಿಕೊಂಡಿರಾ ಅಜ್ಜೀ?"